ಲಲಿತ ಪ್ರಬಂಧದ ತಿರುವು ಹಿಡಿಯುವುದು ಹೇಗೆ

ಮುಂಬಯಿಯ ಕನ್ನಡ ಓದುಗರಿಗೆ ಲಲಿತ ಪ್ರಬಂಧ ಎಂಬ ಈ ಪ್ರಕಾರದ ಹೆಸರೇ ಮೊದಲ ಎಡವುಗಲ್ಲು. ಸ್ಟೇಷನ್ನಿನ ಹಿಂದಿ ಫಲಕದಲ್ಲಿ ‘ಪ್ರಬಂಧಕ್’ ಎಂದರೆ ಮ್ಯಾನೇಜರು. ಮರಾಠಿಯಲ್ಲಿ ‘ಪ್ರಬಂಧ’ ಎಂದರೆ ಪಿಎಚ್.ಡಿ.ಗೆ ಒಪ್ಪಿಸುವ ದಪ್ಪ ಹೊತ್ತಿಗೆ. ನಮ್ಮ ಲಲಿತ ಪ್ರಬಂಧವನ್ನು ಅವರು ಲಲಿತ ನಿಬಂಧ ಎನ್ನುತ್ತಾರೆ. ಕನ್ನಡ ಶಾಲೆಯಲ್ಲಿ ಕಲಿತವರಿಗೋ ಪ್ರಬಂಧವೆಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಈ ಮೂರನ್ನೂ ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಒಳಗೆ ಬನ್ನಿ.

ಫ್ರಾನ್ಸಿನ ಮೊಂತೇನ್ 1580ರಲ್ಲಿ ಅಚ್ಚು ಹಾಕಿಸಿದ ಬರಹಗಳಿಗೆ ಇಟ್ಟ ‘ಎಸ್ಸೇ’ ಎಂಬ ಹೆಸರಿನ ಅರ್ಥ ‘ಯತ್ನಗಳು’, ‘ಒರೆಗೆ ಹಚ್ಚಿ ನೋಡುವುದು’. 1592ರಲ್ಲಿ ಸಾಯುವವರೆಗೂ ಆತ ಅವೇ ಬರಹಗಳ ನಡುನಡುವೆ ಹೊಸ ಮಾತು ತುರುಕುತ್ತಲೇ ಇದ್ದ. ಹಾಗಾಗಿ ಒಂದೇ ಪುಟದಲ್ಲಿ ಅವನು ಇತ್ತ ಹೇಳಿದ್ದಕ್ಕೆ ಅತ್ತ ಎದುರು ಹೇಳುತ್ತಾನೆ. ಅದು ಕರಡು ತಿದ್ದದ ಸೋಮಾರಿತನವಲ್ಲ, ಈ ಪ್ರಕಾರದ ಸ್ವಭಾವ. ಮನಸ್ಸು ಎಲ್ಲಿ ದಾರಿ ಬದಲಿಸಿತು ಎಂಬ ತಿರುವನ್ನು ನೋಡುವುದೇ ಇಲ್ಲಿ ಓದುಗರ ಕೆಲಸ.

ಮೊದಲ ಸಲಕ್ಕೆ ಆರರಿಂದ ಎಂಟು ಪುಟದ ಒಂದೇ ಪ್ರಬಂಧ ಸಾಕು. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಸಂಕಲನದಿಂದ ಒಂದನ್ನು ಆರಿಸಿದರೆ ಒಳ್ಳೆಯ ಆರಂಭ. ಮುಂಬಯಿಯೇ ಬೇಕೆಂದರೆ ಜಯಂತ ಕಾಯ್ಕಿಣಿಯವರ ‘ಬೊಗಸೆಯಲ್ಲಿ ಮಳೆ’. ಡೊಂಬಿವಿಲಿಯಲ್ಲಿ ಸ್ಲೋ ಲೋಕಲ್ ಹತ್ತಿ ಕೂರಲು ಜಾಗ ಸಿಕ್ಕರೆ, ದಾದರ್ ಬರುವುದರೊಳಗೆ ಅಷ್ಟನ್ನು ಎರಡು ಸಲ ಓದಬಹುದು. ಜಾಗ ಸಿಗದಿದ್ದರೆ ಅವತ್ತು ಬಿಟ್ಟುಬಿಡಿ. ಮೊಬೈಲಿನಲ್ಲಿ ಎರಡೆರಡು ನಿಮಿಷ ಕದ್ದು ಓದಿದರೆ ಮಾಹಿತಿ ತಲೆಗೆ ಹೋದೀತು, ತಿರುವು ಕೈತಪ್ಪುತ್ತದೆ.

ಮೊದಲ ಓದಿನಲ್ಲಿ ಪೆನ್ಸಿಲ್ ಬೇಡ. ಎರಡನೆಯದರಲ್ಲಿ ಎರಡೇ ಗುರುತು: ಬರಹ ತನ್ನ ವಿಷಯ ಬಿಟ್ಟು ಪಕ್ಕಕ್ಕೆ ಹೊರಳಿದ ವಾಕ್ಯದ ಮುಂದೆ ಒಂದು ಗೆರೆ, ಮೊದಲು ಬಂದ ವಸ್ತು ಮತ್ತೆ ಕಾಣಿಸಿಕೊಂಡಲ್ಲಿ ಒಂದು ಸೊನ್ನೆ. ಚೆಂದ ಕಂಡ ಸಾಲುಗಳಿಗೆಲ್ಲ ಅಡಿಗೆರೆ ಎಳೆಯುವ ಚಟ ಕೆಟ್ಟದ್ದು. ಪುಟ ಪೂರ್ತಿ ಗೆರೆಯಾದ ಮೇಲೆ ಏನೂ ಎದ್ದು ಕಾಣುವುದಿಲ್ಲ.

ಪಾಠಕ್ಕೆಂದೇ ಹೆಣೆದ ಐದು ವಾಕ್ಯ ಇಲ್ಲಿವೆ:

“ಮಾಟುಂಗಾ ಸ್ಟೇಷನ್ನಿನ ಹೊರಗೆ ಛತ್ರಿ ರಿಪೇರಿಯವನು ಮೇ ಕೊನೆಗೆ ಬಂದು ಕೂರುತ್ತಾನೆ. ಮುರಿದ ಕಡ್ಡಿ ಬದಲಿಸಲು ಅವನಿಗೆ ಮೂರು ನಿಮಿಷ ಸಾಕು. ಹಳೆಯ ಕಡ್ಡಿಗಳನ್ನು ಎಸೆಯುವುದಿಲ್ಲ; ಸತ್ತ ಛತ್ರಿಗಳ ಮೂಳೆಗಳೆಲ್ಲ ಒಂದು ಡಾಲ್ಡಾ ಡಬ್ಬಿಯಲ್ಲಿವೆ. ನನ್ನ ಛತ್ರಿಯೊಳಗೆ ಈಗ ನಾಲ್ಕು ಜನರ ಮಳೆಗಾಲವಿದೆ. ಅಪ್ಪನ ಕನ್ನಡಕವನ್ನೂ ಯಾರಿಗಾದರೂ ಕೊಟ್ಟುಬಿಡಬಹುದಿತ್ತು.”

ಮೊದಲ ಎರಡು ವಾಕ್ಯ ಬರಿಯ ವರದಿ. ಜಾಗ, ತಿಂಗಳು, ನಿಮಿಷ. ಮೂರನೆಯದರಲ್ಲಿ ‘ಸತ್ತ’, ‘ಮೂಳೆ’ ಎಂಬ ಎರಡು ಪದ ಸದ್ದಿಲ್ಲದೆ ಒಳಗೆ ಬಂದವು, ಅದೂ ತಮಾಷೆಯ ವೇಷದಲ್ಲಿ. ನಾಲ್ಕನೆಯದು ವಸ್ತುವಿನಿಂದ ಜನಕ್ಕೆ ದಾಟಿತು. ಗೆರೆ ಬೀಳಬೇಕಾದದ್ದು ಐದನೆಯದಕ್ಕೆ. ಅಲ್ಲಿ ಛತ್ರಿ ಇಲ್ಲ, ಮಳೆ ಇಲ್ಲ, ಸಾವಿನ ಸುದ್ದಿಯನ್ನು ಯಾರೂ ಹೇಳಿಲ್ಲ. ‘ಕನ್ನಡಕವನ್ನೂ’ ಎಂಬುದರ ಕೊನೆಯ ‘ಊ’ ಒಂದೇ ಹಿಂದಿನ ನಾಲ್ಕು ವಾಕ್ಯಗಳನ್ನು ಹಿಡಿದು ಎಳೆದು ತಂದಿದೆ. ‘ಬಹುದಿತ್ತು’ ಎಂಬ ಕ್ರಿಯಾಪದದ ಬಾಲದಲ್ಲಿ ಪಶ್ಚಾತ್ತಾಪ ಕೂತಿದೆ. ‘ಕನ್ನಡಕವನ್ನು’ ಎಂದು ಹ್ರಸ್ವ ಮಾಡಿ ಓದಿ ನೋಡಿ, ಕೊಂಡಿಯೇ ಕಳಚಿ ಬೀಳುತ್ತದೆ. ಇನ್ನು ಆರನೆಯ ವಾಕ್ಯವಾಗಿ “ಬದುಕೂ ಒಂದು ಛತ್ರಿಯಂತೆ” ಎಂದು ಸೇರಿಸಿ. ಐದೂ ವಾಕ್ಯ ಆ ಕ್ಷಣವೇ ಕೆಟ್ಟವು. ಪತ್ರಿಕೆಯ ಅಂಕಣಗಳಲ್ಲಿ ಈ ಆರನೆಯ ವಾಕ್ಯದ ಹಾವಳಿ ಬಹಳ. ಸಿಕ್ಕಲ್ಲೆಲ್ಲ ಬೆರಳಿನಿಂದ ಮುಚ್ಚಿಕೊಂಡು ಓದಿ.

ಕನ್ನಡದ ಪ್ರಬಂಧದಲ್ಲಿ ಹೆಚ್ಚಿನ ಕೆಲಸವನ್ನು ಇಂಥ ಪುಡಿ ಪ್ರತ್ಯಯಗಳೇ ಮಾಡುತ್ತವೆ. ‘ಬಂದರು’, ‘ಬಂದರಂತೆ’, ‘ಬಂದರೋ ಏನೋ’, ‘ಬಂದೇ ಬಂದರು’: ಸಂಗತಿ ಒಂದೇ, ಹೇಳುವವರ ನಿಲುವು ನಾಲ್ಕು. ಇದು ಕಣ್ಣಿಗಿಂತ ಕಿವಿಗೆ ಬೇಗ ಗೊತ್ತಾಗುವುದರಿಂದ ಮೂರನೆಯ ಓದು ಗಟ್ಟಿಯಾಗಿರಲಿ, ಒಂದೇ ಪುಟವಾದರೂ ಸರಿ. ನಾಲ್ಕು ವಾಕ್ಯ ಸಾಲಾಗಿ ‘-ಉತ್ತದೆ’ ಎಂದೇ ಮುಗಿದರೆ, ಅದು ಬೇಕೆಂದೇ ತಂದ ಲಯವೋ ಬರೆದವರ ಆಯಾಸವೋ ಬಾಯಿ ಹೇಳಿಬಿಡುತ್ತದೆ. ಧಾರವಾಡದ ಕಡೆಯವರ ಪ್ರಬಂಧವನ್ನು ಮಂಗಳೂರಿನವರು ಓದುವಾಗ, ಮಂಗಳೂರಿನವರದನ್ನು ಧಾರವಾಡದವರು ಓದುವಾಗ, ಆ ಸೀಮೆಯ ಸ್ನೇಹಿತರ ಬಾಯಲ್ಲಿ ಒಮ್ಮೆ ಕೇಳಿ. ಈ ಊರಿನಲ್ಲಿ ಇಬ್ಬರೂ ಒಂದೇ ಬಿಲ್ಡಿಂಗಿನಲ್ಲಿ ಸಿಗುತ್ತಾರೆ.

‘ನಾನು’ ಎಂಬ ಪದವನ್ನು ಆಧಾರ್ ಕಾರ್ಡಿನಂತೆ ನಂಬಬೇಡಿ. ಇಂಗ್ಲಿಷ್ ಪ್ರಬಂಧಕಾರ ಚಾರ್ಲ್ಸ್ ಲ್ಯಾಮ್ ‘ಎಲಿಯಾ’ ಎಂಬ ಹೆಸರಿಟ್ಟುಕೊಂಡು ಬರೆದ. ಅವನ ಅಕ್ಕ ಮೇರಿ ಆ ಪ್ರಬಂಧಗಳಲ್ಲಿ ಬ್ರಿಜೆಟ್ ಎಂಬ ದಾಯಾದಿ ಸೋದರಿಯಾದಳು. ಪ್ರಬಂಧದ ‘ನಾನು’ ಸ್ವಲ್ಪ ಪೆದ್ದ, ಸ್ವಲ್ಪ ಸೋಮಾರಿ, ಸ್ವಲ್ಪ ಜಂಭದವನಾಗಿ ಕಂಡರೆ ಅದು ಬರೆದವರು ಹೊಲಿಸಿಕೊಂಡ ಅಂಗಿ. ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲ ಎಂದು ನೋಡುವುದು ಒಳ್ಳೆಯ ಮೋಜು.

ಸಂಕಲನವನ್ನು ಒಂದೇ ಗುಕ್ಕಿಗೆ ಓದಬಾರದು. ವಾರಕ್ಕೊಂದರಂತೆ ಬರೆದ ಅಂಕಣಗಳಲ್ಲಿ ಅದೇ ಅಜ್ಜಿ, ಅದೇ ಹಳೇ ರೇಡಿಯೋ ಮತ್ತೆ ಮತ್ತೆ ಬರುವುದು ಸಹಜ. ಸಾಲಾಗಿ ಹತ್ತು ಓದಿದವರಿಗೆ ಲೇಖಕರು ಬಡವರಾಗಿ ಕಾಣುತ್ತಾರೆ. ದಿನಕ್ಕೆ ಎರಡು, ಹೆಚ್ಚೆಂದರೆ.

ಸಂಘದಲ್ಲೋ ಸೊಸೈಟಿಯ ಹಾಲಿನಲ್ಲೋ ಕೂಡಿ ಓದುವುದಾದರೆ ಎಂಟು ಜನಕ್ಕಿಂತ ಹೆಚ್ಚು ಬೇಡ. ಒಂದೇ ಪ್ರಬಂಧದ ಜೆರಾಕ್ಸ್ ಎಲ್ಲರ ಕೈಯಲ್ಲೂ ಇರಲಿ, ಒಬ್ಬರು ಗಟ್ಟಿಯಾಗಿ ಓದಲಿ. ಇಪ್ಪತ್ತು ನಿಮಿಷ ಸಾಕು. ಆಮೇಲಿನ ಅರ್ಧ ಗಂಟೆ ‘ಲೇಖಕರ ಆಶಯವೇನು’ ಎಂಬ ಪ್ರಶ್ನೆಗೆ ನಿಷೇಧ. ಆ ಪ್ರಶ್ನೆ ಬಂತೆಂದರೆ ಸಭೆಯಲ್ಲಿ ಹಿರಿಯರೊಬ್ಬರು ಭಾಷಣ ಶುರು ಮಾಡುತ್ತಾರೆ, ಚಹಾ ಬರುವವರೆಗೆ ನಿಲ್ಲಿಸುವುದಿಲ್ಲ. ಅದರ ಬದಲು ಎಲ್ಲರೂ ತಾವು ಗೆರೆ ಹಾಕಿದ ವಾಕ್ಯವನ್ನಷ್ಟೇ ಓದಲಿ. ಎಂಟು ಜನರ ಗೆರೆ ಮೂರು ಬೇರೆ ಬೇರೆ ಕಡೆ ಬಿದ್ದಿದ್ದರೆ ಪ್ರಬಂಧ ಗಟ್ಟಿಯಾಗಿದೆ, ಮಾತಿಗೆ ಸರಕಿದೆ. ಎಂಟೂ ಕೊನೆಯ ವಾಕ್ಯಕ್ಕೇ ಬಿದ್ದಿದ್ದರೆ ಆ ವಾಕ್ಯವನ್ನು ಮುಚ್ಚಿ, ಪ್ರಬಂಧ ಇನ್ನೂ ನಿಂತಿದೆಯೇ ಎಂದು ಮತ್ತೊಮ್ಮೆ ಓದಿಸಿ.