ಹ್ಯೂಸ್ಟನ್‌ಗೆ ಹೊಸದಾಗಿ ಬಂದವರೇ, ಫ್ಲಡ್ ಇನ್ಶೂರೆನ್ಸ್ ಮಾತ್ರ ಬಿಡಬೇಡಿ

ಕೇಟಿ, ಸೈಪ್ರೆಸ್, ಶುಗರ್ ಲ್ಯಾಂಡ್ ಕಡೆ ಮನೆ ಹುಡುಕುವ ನಮ್ಮವರು ಮೊದಲು ಕೇಳೋದು ಸ್ಕೂಲ್ ಹೇಗಿದೆ, ಆಫೀಸ್ ಎಷ್ಟು ದೂರ, ಟ್ಯಾಕ್ಸ್ ಎಷ್ಟು ಅಂತ. ಈ ಮನೆಗೆ ಯಾವತ್ತಾದರೂ ನೀರು ನುಗ್ಗಿತ್ತಾ ಅಂತ ಕೇಳುವವರು ತುಂಬಾ ಕಡಿಮೆ. ದಯವಿಟ್ಟು ಅದನ್ನೇ ಮೊದಲು ಕೇಳಿ. ಟೆಕ್ಸಸ್‌ನಲ್ಲಿ 2019ರಿಂದ ಮನೆ ಮಾರುವವರು ಹಿಂದೆ ನೀರು ಬಂದಿದ್ದರೆ ಅದನ್ನು ಡಿಸ್‌ಕ್ಲೋಷರ್ ಫಾರ್ಮ್‌ನಲ್ಲಿ ಬರೆದು ಕೊಡಲೇಬೇಕು. ಆ ಕಾಗದವನ್ನು ಪೂರ್ತಿ ಓದಿ, ಅಕ್ಕಪಕ್ಕದವರನ್ನೂ ವಿಚಾರಿಸಿ.

ಈ ಊರು ಪೂರ್ತಿ ಚಪ್ಪಟೆ. ನೆಲ ಜೇಡಿಮಣ್ಣು, ನೀರು ಬೇಗ ಇಂಗೋದಿಲ್ಲ, ಮೇಲೆ ಎಲ್ಲಿ ನೋಡಿದರೂ ಕಾಂಕ್ರೀಟ್. ಬಿದ್ದ ಮಳೆಯೆಲ್ಲ ಬಯೂ ಅನ್ನೋ ನಿಧಾನವಾಗಿ ಹರಿಯುವ ಹಳ್ಳಗಳಲ್ಲೇ ಸಮುದ್ರದ ಕಡೆ ಹೋಗಬೇಕು. ಬೆಂಗಳೂರಿಗೆ ಇಡೀ ವರ್ಷ ಬೀಳೋದು ಸುಮಾರು 38 ಇಂಚು ಮಳೆ. 2017ರ ಹಾರ್ವಿ ಚಂಡಮಾರುತದಲ್ಲಿ ಇಲ್ಲಿ ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ ಕೆಲವೇ ದಿನಗಳಲ್ಲಿ ಸುರಿಯಿತು. ಚಂಡಮಾರುತವೇ ಬರಬೇಕು ಅಂತೇನಿಲ್ಲ. 2015ರ ಮೇ, 2016ರ ಏಪ್ರಿಲ್‌ನಲ್ಲಿ ಬರೀ ಗುಡುಗು ಮಳೆಗೇ ಮನೆಗಳು ಮುಳುಗಿದವು.

ಏಜೆಂಟ್ ‘ಇದು ಜೋನ್ ಎಕ್ಸ್ (ಪ್ರವಾಹ ನಕ್ಷೆಯಲ್ಲಿ ಅಪಾಯ ಕಡಿಮೆ ಅಂತ ತೋರಿಸಿದ ಜಾಗ), ಫ್ಲಡ್ ಇನ್ಶೂರೆನ್ಸ್ ಬೇಕಾಗಿಲ್ಲ’ ಅನ್ನಬಹುದು. ಸಾಲ ಕೊಡುವ ಬ್ಯಾಂಕ್ ಕಡ್ಡಾಯ ಮಾಡೋದಿಲ್ಲ ಅನ್ನೋದಷ್ಟೇ ಅದರ ಅರ್ಥ, ನೀರು ಬರೋದಿಲ್ಲ ಅಂತಲ್ಲ. ಹಾರ್ವಿಯಲ್ಲಿ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ ನೀರು ನುಗ್ಗಿದ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಕ್ಷೆಯಲ್ಲಿ ಗುರುತು ಮಾಡಿದ ‘ನೂರು ವರ್ಷದ ಪ್ರವಾಹ’ ಪ್ರದೇಶದ ಹೊರಗೇ ಇದ್ದವು. ಅಂದಹಾಗೆ, ಆ ನೂರು ವರ್ಷ ಅಂದರೆ ನೂರು ವರ್ಷಕ್ಕೊಮ್ಮೆ ಅಂತಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದು ಸಾಧ್ಯತೆ. 30 ವರ್ಷದ ಸಾಲ ತೀರುವಷ್ಟರಲ್ಲಿ ಅದು ಶೇಕಡಾ 26 ಆಗುತ್ತದೆ.

ಊರಿನ ಪಶ್ಚಿಮಕ್ಕೆ ಮನೆ ನೋಡುವವರು ಆಡಿಕ್ಸ್, ಬಾರ್ಕರ್ ಜಲಾಶಯಗಳನ್ನು ಮ್ಯಾಪ್‌ನಲ್ಲಿ ನೋಡಲೇಬೇಕು. ಮಳೆ ಇಲ್ಲದಾಗ ಅಲ್ಲಿ ನೀರೇ ಇರೋದಿಲ್ಲ, ಬರೀ ಪಾರ್ಕ್, ಸೈಕಲ್ ದಾರಿ, ಹುಲ್ಲು. ಜೋರು ಮಳೆಯಲ್ಲಿ ನೀರು ತುಂಬಿ ಹಿಂದಕ್ಕೆ ಬಡಾವಣೆಗಳ ತನಕ ಬರುತ್ತದೆ. ತಮ್ಮ ಮನೆ ಇರೋದು ಜಲಾಶಯದ ಹಿನ್ನೀರಿನ ಜಾಗದಲ್ಲಿ ಅಂತ ಎಷ್ಟೋ ಜನರಿಗೆ ಗೊತ್ತಾಗಿದ್ದು ಹಾರ್ವಿ ಬಂದ ಮೇಲೇ.

ಮನೆಯೊಳಗೆ ಒಂದಡಿ ನೀರು ಬಂದರೆ ಏನಾಗುತ್ತದೆ ಗೊತ್ತಾ? ಇಲ್ಲಿ ಒಳಗಿನ ಗೋಡೆ ಇಟ್ಟಿಗೆಯದಲ್ಲ, ಶೀಟ್‌ರಾಕ್ ಅನ್ನೋ ಜಿಪ್ಸಮ್ ಹಲಗೆ. ನೀರು ಅದರೊಳಗೆ ಮೇಲಕ್ಕೆ ಹತ್ತುತ್ತದೆ. ನಾಲ್ಕಡಿ ಎತ್ತರದ ತನಕ ಕೊಯ್ದು, ಹಿಂದಿನ ಒದ್ದೆ ಇನ್ಸುಲೇಷನ್ ಕಿತ್ತು, ಕಾರ್ಪೆಟ್, ಅಡುಗೆಮನೆ ಕ್ಯಾಬಿನೆಟ್ ಎಲ್ಲ ರಸ್ತೆ ಬದಿಗೆ ಹಾಕಬೇಕಾಗುತ್ತದೆ. ತಡ ಮಾಡಿದರೆ ಎರಡೇ ದಿನದಲ್ಲಿ ಬೂಷ್ಟು.

ಮಾಮೂಲಿ ಹೋಮ್ ಇನ್ಶೂರೆನ್ಸ್ ಇದಕ್ಕೆ ಒಂದು ಡಾಲರೂ ಕೊಡೋದಿಲ್ಲ. ಸರ್ಕಾರದ ಎನ್‌ಎಫ್‌ಐಪಿ (ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆ) ಪಾಲಿಸಿ ಬೇರೆಯೇ ತಗೋಬೇಕು. ಅದರಲ್ಲಿ ಮನೆಗೆ 2,50,000 ಡಾಲರ್ ತನಕ, ಸಾಮಾನಿಗೆ 1,00,000 ತನಕ ಸಿಗುತ್ತದೆ. ಸಾಮಾನಿನದನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು, ತಾನಾಗೇ ಬರೋದಿಲ್ಲ. ಮನೆ ರಿಪೇರಿ ಆಗುವ ತನಕ ಹೋಟೆಲ್‌ನಲ್ಲಿ ಇದ್ದರೆ ಆ ಖರ್ಚು ಇದರಲ್ಲಿಲ್ಲ, ಕೆಲವು ಖಾಸಗಿ ಪಾಲಿಸಿಗಳಲ್ಲಿ ಇರುತ್ತದೆ. ಬಾಡಿಗೆಗೆ ನೆಲಮಹಡಿಯಲ್ಲಿ ಇರುವವರೂ ಬರೀ ಸಾಮಾನಿಗೆ ಪಾಲಿಸಿ ತಗೋಬಹುದು. ಕಾರಿಗೆ ಕಾಂಪ್ರಹೆನ್ಸಿವ್ ಇನ್ಶೂರೆನ್ಸ್ (ಅಪಘಾತ ಅಲ್ಲದ ಹಾನಿಗೂ ಕೊಡುವಂಥದ್ದು) ಇರಲಿ, ಅದಿಲ್ಲದಿದ್ದರೆ ಮುಳುಗಿದ ಕಾರಿಗೆ ಏನೂ ಬರೋದಿಲ್ಲ.

ದುಡ್ಡು ಕಟ್ಟಿದ ಮೇಲೆ ಸಾಮಾನ್ಯವಾಗಿ 30 ದಿನ ಕಾಯಬೇಕು. ಮನೆ ಸಾಲದ ಕ್ಲೋಸಿಂಗ್ (ಕೊನೆಯ ಸಹಿ) ಜೊತೆಗೇ ಮಾಡಿಸಿದರೆ ಆ ಕಾಯುವಿಕೆ ಇರೋದಿಲ್ಲ. ಟಿವಿಯಲ್ಲಿ ಚಂಡಮಾರುತದ ಸುದ್ದಿ ನೋಡಿ ಏಜೆಂಟ್‌ಗೆ ಫೋನ್ ಮಾಡಿದರೆ ಉಪಯೋಗವಿಲ್ಲ. ಚಂಡಮಾರುತದ ಸೀಸನ್ ಜೂನ್ 1ಕ್ಕೆ ಶುರು, ಏಪ್ರಿಲ್‌ನಲ್ಲೇ ಮುಗಿಸಿಬಿಡಿ. ಪಾಲಿಸಿ ಬಂದ ದಿನವೇ ಪ್ರತಿ ಕೋಣೆ, ಬೀರು, ಗರಾಜ್‌ನ ಫೋಟೋ ತೆಗೆದು ಮನೆಯ ಹೊರಗೆಲ್ಲಾದರೂ ಸೇವ್ ಆಗುವ ಹಾಗೆ ಇಡಿ. ನೀರು ಬಂದುಹೋದರೆ ಗೋಡೆಯ ಮೇಲಿನ ನೀರಿನ ಗೆರೆಯ ಫೋಟೋ ತೆಗೆಯದೆ ಒಂದು ಸಾಮಾನನ್ನೂ ಹೊರಗೆ ಎಸೆಯಬೇಡಿ.