ಬೋರಿನ ಮೂರು ವಯರುಗಳನ್ನು ಗುರುತಿಸುವುದು ಹೇಗೆ?

ಮಿಕ್ಸಿಯಲ್ಲಿರುವುದು ಕಾರ್ಬನ್ ಬ್ರಶ್‌ಗಳುಳ್ಳ ಯೂನಿವರ್ಸಲ್ ಮೋಟಾರು. ತೋಟಕ್ಕೆ ನೀರೆತ್ತುವುದು ಬ್ರಶ್‌ಗಳಿಲ್ಲದ ಇಂಡಕ್ಷನ್ ಮೋಟಾರು. ಇದರಲ್ಲಿ 415 ವೋಲ್ಟಿನ ತ್ರೀ ಫೇಸ್ ಮೋಟಾರು ತಾನಾಗಿ ತಿರುಗತೊಡಗುತ್ತದೆ. ಉಲ್ಟಾ ತಿರುಗಿದರೆ ಯಾವುದಾದರೂ ಎರಡು ಫೇಸುಗಳನ್ನು ಅದಲುಬದಲು ಮಾಡಿದರಾಯಿತು. ಸಿಂಗಲ್ ಫೇಸ್ ಮೋಟಾರಿಗೆ ಹಾಗಲ್ಲ, ರನ್ನಿಂಗ್ ವೈಂಡಿಂಗಿನ (ತಂತಿಯ ಸುರುಳಿಯ) ಜೊತೆಗೆ ಸ್ಟಾರ್ಟಿಂಗ್ ವೈಂಡಿಂಗ್ ಮತ್ತು ಕಂಡೆನ್ಸರ್ (ಕೆಪಾಸಿಟರ್) ಬೇಕು. ಬೋರಿನಲ್ಲಿರುವ ಇಂಥ ಮೋಟಾರಿನಿಂದ ಮೇಲೆ ಬರುವ ಮೂರು ವಯರುಗಳ ಮಾತಿದು: ರನ್ನಿಂಗ್, ಸ್ಟಾರ್ಟಿಂಗ್, ಮತ್ತು ಎರಡೂ ವೈಂಡಿಂಗುಗಳು ಸೇರುವ ಕಾಮನ್. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಲ್ಲಿ ಪ್ಯಾನೆಲ್ ಬೋರ್ಡ್ (ಮೋಟಾರಿನ ಸ್ವಿಚ್ಚು, ಕಂಡೆನ್ಸರ್ ಇರುವ ಪೆಟ್ಟಿಗೆ) ಬದಲಿಸಿದ ಮರುದಿನವೇ ಬೋರಿನ ಮೋಟಾರು ಸುಟ್ಟದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ವಯರಿನ ಬಣ್ಣವನ್ನು ನಂಬಿದ್ದೇ ಕಾರಣ. ಕೆಳಗೆ ನೀರಿನಲ್ಲಿ ಕೇಬಲ್ ಜಾಯಿಂಟ್ ಮಾಡಿದವನು ಕೆಂಪಿಗೆ ಹಳದಿಯನ್ನು ಸೇರಿಸಿದ್ದರೆ ಮೇಲಿನ ಬಣ್ಣಕ್ಕೆ ಬೆಲೆಯಿಲ್ಲ.

ಮೊದಲು ಮೈನ್ ಸ್ವಿಚ್ ಆಫ್ ಮಾಡಿ, ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಿ. ಕಂಡೆನ್ಸರಿನ ಚಾರ್ಜನ್ನು ಹಳೆಯ ಫಿಲಮೆಂಟ್ ಬಲ್ಬಿನ ಮೂಲಕ ಇಳಿಸಿ; ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವುದು ಜಾಣತನವಲ್ಲ.

ಬಳಿಕ ಮೂರೂ ವಯರುಗಳನ್ನು ಪ್ಯಾನೆಲ್‌ನಿಂದ ಪೂರ್ತಿಯಾಗಿ ಬಿಡಿಸಿ, ತುದಿಯ ಕಿಲುಬನ್ನು ಕೆರೆದು, ಮಲ್ಟಿಮೀಟರನ್ನು 200 ಓಮ್‌ಗೆ ತಿರುಗಿಸಿ. ಮೀಟರಿನ ಎರಡು ಕಡ್ಡಿಗಳನ್ನು ಪರಸ್ಪರ ತಾಗಿಸಿದಾಗ ಬರುವ ಅಂಕೆಯನ್ನು ಪ್ರತಿ ಅಳತೆಯಿಂದಲೂ ಕಳೆಯಬೇಕು. ಉದಾಹರಣೆಗೆ ಕೆಂಪು–ಹಳದಿ ನಡುವೆ 3, ಹಳದಿ–ನೀಲಿ ನಡುವೆ 5, ಕೆಂಪು–ನೀಲಿ ನಡುವೆ 8 ಓಮ್ ಬಂತೆನ್ನಿ. ಅತಿ ಹೆಚ್ಚು ಬಂದ ಜೋಡಿಯಲ್ಲಿ ಸೇರದೆ ಉಳಿದ ಹಳದಿಯೇ ಕಾಮನ್. ಕಾಮನ್ನಿನೊಂದಿಗೆ ಕಡಿಮೆ ತೋರಿಸಿದ ಕೆಂಪು ರನ್ನಿಂಗ್, ಹೆಚ್ಚು ತೋರಿಸಿದ ನೀಲಿ ಸ್ಟಾರ್ಟಿಂಗ್. ಸಣ್ಣ ಎರಡು ಅಂಕೆಗಳ ಮೊತ್ತ ದೊಡ್ಡದಕ್ಕೆ ಸರಿಹೊಂದದಿದ್ದರೆ ತುದಿಗಳನ್ನು ಮತ್ತೆ ಕೆರೆದು ಅಳೆಯಿರಿ. ಆಗಲೂ ಹೊಂದದಿದ್ದರೆ ಜಾಯಿಂಟ್ ಅಥವಾ ವೈಂಡಿಂಗ್ ಕೆಟ್ಟಿದೆ.

ನ್ಯೂಟ್ರಲ್ ಕಾಮನ್ನಿಗೆ, ಫೇಸ್ ನೇರವಾಗಿ ರನ್ನಿಂಗಿಗೆ, ಅದೇ ಫೇಸ್ ಕಂಡೆನ್ಸರಿನ ಮೂಲಕ ಸ್ಟಾರ್ಟಿಂಗಿಗೆ ಹೋಗಬೇಕು. ರನ್ನಿಂಗ್, ಸ್ಟಾರ್ಟಿಂಗ್ ಅದಲುಬದಲಾದರೆ ಸಪೂರ ತಂತಿಯ ಸ್ಟಾರ್ಟಿಂಗ್ ವೈಂಡಿಂಗ್ ಕಾದು ಸುಡುತ್ತದೆ. ಮೋಟಾರಿನ ವಿವರದ ತಗಡಿನಲ್ಲಿ ಬರೆದಷ್ಟೇ ಮೈಕ್ರೊಫ್ಯಾರಡ್ ಸಾಮರ್ಥ್ಯದ ಕಂಡೆನ್ಸರನ್ನು ಹಾಕಿ. ಹೆಸರಿಲ್ಲದ ಅಗ್ಗದ ಮಾಲನ್ನು ನಾನಂತೂ ಮುಟ್ಟುವುದಿಲ್ಲ.

ಕೊನೆಗೆ ಮೋಟಾರು ಓಡಿಸಿ, ಆಂಪಿಯರನ್ನು ತಗಡಿನ ಅಂಕೆಯೊಂದಿಗೆ ಹೋಲಿಸಿ. ಬೇಸಿಗೆಯ ಸಂಜೆ ಎಲ್ಲ ತೋಟಗಳ ಸ್ಪ್ರಿಂಕ್ಲರ್‌ಗಳೂ ಒಟ್ಟಿಗೆ ತಿರುಗುವಾಗ ಈ ಪರೀಕ್ಷೆ ಬೇಡ: ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಮೋಟಾರಿನ ತಿರುಗಿಸುವ ಬಲ ಸುಮಾರು ಶೇ 61ಕ್ಕೆ ಕುಸಿಯುತ್ತದೆ, ಸರಿಯಾಗಿ ಜೋಡಿಸಿದ ಮೋಟಾರೂ ಗುಂಯ್‌ಗುಟ್ಟುತ್ತ ನಿಂತುಬಿಡಬಹುದು.