ಅರಣ್ಯ ಹಕ್ಕಿನ ಅರ್ಜಿಗೆ ಸಾಕ್ಷಿ ಕೂಡಿಸುವ ಬಗೆ

ಅರಣ್ಯ ಹಕ್ಕಿನ ಅರ್ಜಿಗೆ "ದಾಖಲೆ ಎಲ್ಲಿದೆ?" ಎಂದರೆ ನಮ್ಮ ಹಾಡಿಯವರು, ಅಂದರೆ ನಮ್ಮ ಆದಿವಾಸಿ ಕೇರಿಯವರು, ತಲೆ ತಗ್ಗಿಸುತ್ತಿದ್ದರು. ನಾನೂ ತಗ್ಗಿಸಿದವನೇ. ಅರ್ಜಿಗಳನ್ನು ಪರಿಶೀಲಿಸುವ ನಮ್ಮೂರ ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿಯಾದ ಮೇಲೆ 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳನ್ನು ಕುಳಿತು ಓದಿದೆ. 13ನೇ ನಿಯಮದ ಸಾಕ್ಷಿಗಳ ಪಟ್ಟಿಯಲ್ಲಿ ಗುಡಿಸಲು, ಬಾವಿ, ಹೊಲದ ಬದು, ಮಸಣ, ದೇವರ ಜಾಗ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ ಎಲ್ಲವೂ ಇವೆ. ಎರಡಾದರೂ ಬೇಕು, ನಾಲ್ಕಿದ್ದರೆ ಒಳ್ಳೆಯದು.

ಕೆಲಸವನ್ನು ನಡಿಗೆಯಿಂದ ಶುರು ಮಾಡಿ. ಹಿರಿಯರನ್ನು ಮುಂದೆ ಬಿಟ್ಟು ಸುಮ್ಮನೆ ಹಿಂದೆ ಹೋಗಿ. ಕಾಡಿನಿಂದ ಎಬ್ಬಿಸಿದ ಮೇಲೆ ನಮ್ಮಜ್ಜಿ ಹಳೆಯ ಹಾಡಿಗೆ ಕಾಲಿಟ್ಟಿರಲಿಲ್ಲ. ಲಂಟಾನ ಪೊದೆಯೊಂದರ ಬಳಿ ನಿಂತು ಕಾಲಿನಿಂದ ಮಣ್ಣು ಕೆದರಿದಳು. ಅರ್ಧ ಹೂತುಹೋದ ಒರಳುಕಲ್ಲು. "ನಿನ್ನಪ್ಪ ಹುಟ್ಟಿದ್ದು ಇದರ ಪಕ್ಕ" ಎಂದಳು. ಅಜ್ಜಿಯನ್ನು ಕಲ್ಲಿನ ಪಕ್ಕ ನಿಲ್ಲಿಸಿ, ಮೊಬೈಲಿನಲ್ಲಿ ಜಿಪಿಎಸ್ ಗುರುತು ಬರುವಂತೆ ಫೋಟೊ ತೆಗೆದೆವು. ನನ್ನ ತಮ್ಮ ಆ ಕಲ್ಲನ್ನು ಮನೆಗೆ ಹೊರಲು ಹೊರಟ; ತಡೆದೆ. ಸಾಕ್ಷಿ ಇದ್ದಲ್ಲೇ ಇರಬೇಕು. ಹೇಳಿಕೆಯನ್ನು ಹಿರಿಯರ ಮಾತಿನಲ್ಲೇ ಬರೆದು, ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿ.

ಹಲವರು ಸಾಗುವಳಿ ಜಮೀನಿನ ನಮೂನೆ 'ಎ' ಒಂದನ್ನೇ ತುಂಬಿ ಕೈತೊಳೆದುಕೊಳ್ಳುತ್ತಾರೆ. ಜೇನು, ಮೇವು, ಮೀನಿಗೆ 'ಬಿ', ಕಾಡನ್ನು ಕಾಯುವ ಹಕ್ಕಿಗೆ 'ಸಿ' ಕೂಡ ಇವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಪಡೆದರು. 13 ಡಿಸೆಂಬರ್ 2005ಕ್ಕೆ ಮೊದಲು ಕಾನೂನುಬಾಹಿರವಾಗಿ ಎಬ್ಬಿಸಲಾದವರಿಗೆ ಪುನರ್ವಸತಿಯ ಹಕ್ಕೂ ಇದೆ. ಅಜ್ಜಿಯ ಒರಳುಕಲ್ಲು ಅದಕ್ಕೇ ಬೇಕಾಗಿದ್ದು.

ಸ್ಥಳ ಪರಿಶೀಲನೆಯಲ್ಲಿ ನಾನು ಎಡವಿದೆ. ದಿನಾಂಕವನ್ನು ಅರಣ್ಯ ಇಲಾಖೆಯವರಿಗೆ ಬಾಯಿಮಾತಿನಲ್ಲಿ ಹೇಳಿ ಬಂದಿದ್ದೆ. ಯಾರೂ ಬರಲಿಲ್ಲ, ಆಮೇಲೆ "ನಮಗೆ ತಿಳಿಸಿಯೇ ಇಲ್ಲ" ಎಂದರು, ಕಡತ ವಾಪಸಾಯಿತು. ಎರಡನೆಯ ಸಲ ಪತ್ರ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆ. ಹೀಗೆ ವಾಪಸಾದ ಅರ್ಜಿಯ ಮರುಪರಿಶೀಲನೆಗೂ ಅರಣ್ಯ ಇಲಾಖೆಯವರು ಬಾರದಿದ್ದರೆ ಸ್ಥಳ ಪರಿಶೀಲನೆಯ ಮಟ್ಟಿಗೆ ಗ್ರಾಮ ಸಭೆಯ ತೀರ್ಮಾನವೇ ಅಂತಿಮ. ಸಭೆಗೆ ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಸಹಿಗಳನ್ನು ಎಣಿಸಿಯೇ ಪುಸ್ತಕ ಮುಚ್ಚಿ.

"ನಿಮ್ಮದು ಆಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ಜಗಳಕ್ಕಿಳಿಯಬೇಡಿ, ಕಾರಣ ಬರೆದ ಹಿಂಬರಹ ಕೇಳಿ. ಗ್ರಾಮ ಸಭೆಯ ಮೇಲಿನ ಹಂತವಾದ ಉಪವಿಭಾಗ ಸಮಿತಿಯ ತೀರ್ಮಾನದ ವಿರುದ್ಧ ಜಿಲ್ಲಾ ಸಮಿತಿಗೆ ಹೋಗಲು 60 ದಿನ ಇರುತ್ತದೆ. ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸುವಂತಿಲ್ಲ ಎಂಬ ಕಾಯ್ದೆಯ 4(5)ನೇ ಕಲಮಿನ ಜೆರಾಕ್ಸ್ ಪ್ರತಿಯನ್ನು ನಾನು ಅಂಗಿ ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ. ಎರಡು ಸಲ ತೆಗೆದು ತೋರಿಸಿದ್ದೇನೆ.